ಸಾಂತ್ ಆಂಜೆಲೊ ಸೇತುವೆಯ ಹಳೆಯ ಎಚ್ಚಿಂಗ್‌ಗಳಲ್ಲಿ ಸಂಕೇತ ಓದುವ ಕ್ರಮ

ರೋಮ್ ನಗರದ ಟೈಬರ್ ನದಿಯ ಮೇಲಿನ ಸಾಂತ್ ಆಂಜೆಲೊ ಸೇತುವೆಯನ್ನು ಕಟ್ಟಿಸಿದ್ದು ಚಕ್ರವರ್ತಿ ಹೇಡ್ರಿಯನ್. ತನ್ನ ಸಮಾಧಿಗೆ ದಾರಿಯಾಗಲಿ ಎಂದು ಕಟ್ಟಿಸಿದ ಇದರ ಕೆಲಸ ಕ್ರಿ.ಶ. 134ರಲ್ಲಿ ಮುಗಿಯಿತು. ಕಾಲಾಂತರದಲ್ಲಿ ಸಮಾಧಿ ಪೋಪರ ಕೋಟೆಯಾಯಿತು, ಸೇತುವೆ ವ್ಯಾಟಿಕನ್‌ನ ಮಹಾ ಇಗರ್ಜಿಯಾದ ಸಂತ ಪೇತ್ರರ ಬೆಸಿಲಿಕಾಕ್ಕೆ ಹೋಗುವ ಯಾತ್ರಿಕರ ಮುಖ್ಯ ದಾರಿಯಾಯಿತು. 16ನೇ ಶತಮಾನದಲ್ಲಿ ರೋಮಿನ ಮುದ್ರಣಕಾರರು ಇದನ್ನು ತಾಮ್ರದ ಫಲಕದ ಮೇಲೆ ಎಚ್ಚಿಂಗ್ ವಿಧಾನದಲ್ಲಿ, ಅಂದರೆ ಆಸಿಡ್‌ನಿಂದ ಗೆರೆ ಕೊರೆಸಿ, ಮತ್ತೆ ಮತ್ತೆ ಬಿಡಿಸಿ ಅಚ್ಚು ಹಾಕಿ ಯಾತ್ರಿಕರಿಗೂ ವಿದ್ವಾಂಸರಿಗೂ ಮಾರಿದರು. ಎತಿಯೆನ್ ದುಪೆರಾಕ್ ರೋಮಿನ ಅವಶೇಷಗಳ ಮಾಲಿಕೆಯನ್ನು 1575ರಲ್ಲಿ ಹೊರತಂದ. ಆಂಬ್ರೋಜೊ ಬ್ರಾಂಬಿಲ್ಲಾ ಕೋಟೆಯ ಮೇಲಿನ ಬಾಣಬಿರುಸಿನ ದೃಶ್ಯವನ್ನು 1579ರಲ್ಲಿ ಬಿಡಿಸಿದ.

ಇಂಥ ಚಿತ್ರ ತೆರೆದ ಕೂಡಲೇ ಸೇತುವೆ ಎಂದರೆ ಇಹದಿಂದ ಪರಕ್ಕೆ ದಾರಿ, ನದಿ ಎಂದರೆ ಕಾಲಪ್ರವಾಹ ಎಂದು ಅರ್ಥ ಹಚ್ಚಲು ಹೊರಟರೆ ಕೆಲಸ ಕೆಡುತ್ತದೆ. ಈ ಸೇತುವೆಯ ಮಟ್ಟಿಗೆ ಸಂಕೇತಗಳಲ್ಲಿ ಬಹುಪಾಲು ಕಲಾವಿದ ಕಲ್ಪಿಸಿದವಲ್ಲ. ಅವನ್ನು ಕಲ್ಲಿನಲ್ಲಿ ಕೆತ್ತಿಸಿ ಅಲ್ಲಿ ನಿಲ್ಲಿಸಿದವರು ಪೋಪರು. ಕಲಾವಿದ ಕಂಡದ್ದನ್ನು ಗೀಚಿದ, ಅಷ್ಟೇ. ಹಾಗಾಗಿ ಮೊದಲು ಆಸಿಡ್ ಮತ್ತು ಅಚ್ಚು ಮಾಡಿದ್ದೇನು ಎಂದು ನೋಡಬೇಕು, ಆಮೇಲೆ ಆ ವರ್ಷ ಸ್ಥಳದಲ್ಲಿ ನಿಜಕ್ಕೂ ಏನಿತ್ತು ಎಂದು, ಅದಾದ ಮೇಲೆ ಕಲಾವಿದ ಸೇರಿಸಿದ್ದೇನು ಎಂದು. ಅರ್ಥದ ಸರದಿ ಕೊನೆಗೆ.

ಚಿತ್ರ ಎಲ್ಲಿ ಸಿಗುತ್ತದೆ, ಹೇಗೆ ಇಟ್ಟುಕೊಳ್ಳಬೇಕು

ಶಿಕಾಗೊ ವಿಶ್ವವಿದ್ಯಾಲಯ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತಮ್ಮ ಸಂಗ್ರಹದ ರೋಮ್ ದೃಶ್ಯಗಳನ್ನು ಅಂತರ್ಜಾಲದಲ್ಲಿ ಇಟ್ಟಿವೆ. ಸಿಗುವ ಅತಿ ದೊಡ್ಡ ಗಾತ್ರದ ಫೈಲನ್ನೇ ಇಳಿಸಿಕೊಳ್ಳಿ. ಚಿತ್ರದ ಕೆಳಅಂಚಿನ ಪಟ್ಟಿಯಲ್ಲಿರುವ ಸಣ್ಣ ಅಕ್ಷರ ಓದಲು ಬಾರದಿದ್ದರೆ ಆ ಫೈಲಿನಿಂದ ಉಪಯೋಗವಿಲ್ಲ. ಅದೇ ಫಲಕದಿಂದ ತೆಗೆದ ಬೇರೆ ಪ್ರತಿ ಇನ್ನೊಂದು ಮ್ಯೂಸಿಯಂನಲ್ಲಿದ್ದರೆ ಅದನ್ನೂ ಇಳಿಸಿ. ಎರಡು ಪ್ರತಿ ಪಕ್ಕಪಕ್ಕ ಇಟ್ಟಾಗ ಬಗೆಹರಿಯುವ ಅನುಮಾನ ಒಂದೇ ಪ್ರತಿಯನ್ನು ಗಂಟೆಗಟ್ಟಲೆ ದಿಟ್ಟಿಸಿದರೂ ಬಗೆಹರಿಯುವುದಿಲ್ಲ. ಮೂಲ ಕಾಗದವೇ ಕೈಯಲ್ಲಿದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು, ತೊಳೆದು ಒಣಗಿಸಿದ ಕೈ ಸಾಕು. ಟಿಪ್ಪಣಿಗೆ ಪೆನ್ಸಿಲ್ ಮಾತ್ರ. ಪೆನ್ನನ್ನು ಆ ಮೇಜಿನ ಹತ್ತಿರವೂ ತರಬೇಡಿ.

ಮೊದಲ ಹೆಜ್ಜೆ: ಗೆರೆಯನ್ನು ನೋಡಿ

ಎಚ್ಚಿಂಗ್‌ನಲ್ಲಿ ತಾಮ್ರದ ಹಲಗೆಗೆ ಮೇಣದ ಪದರ ಬಳಿದು, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಇಡುತ್ತಾರೆ. ಮೇಣ ಸರಿದ ಕಡೆ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಆ ಗುಳಿಯಲ್ಲಿ ಶಾಯಿ ತುಂಬಿ ಒದ್ದೆ ಕಾಗದದ ಮೇಲೆ ಒತ್ತುತ್ತಾರೆ. ಹೀಗೆ ಬಂದ ಗೆರೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ, ತುದಿ ಮೊಂಡು. ಉಳಿಯಿಂದ ನೇರವಾಗಿ ಕೊರೆದ ಗೆರೆ ಹಾಗಲ್ಲ. ಅದು ಸಣ್ಣಗೆ ಶುರುವಾಗಿ, ನಡುವೆ ಉಬ್ಬಿ, ಮೊನಚಾಗಿ ಮುಗಿಯುತ್ತದೆ. ರೋಮಿನ ಫಲಕಗಳಲ್ಲಿ ಎರಡೂ ಬೆರೆತಿರುವುದು ಮಾಮೂಲು: ಸಾಮಾನ್ಯವಾಗಿ ದೃಶ್ಯ ಎಚ್ಚಿಂಗ್‌ನಲ್ಲಿ, ಅಕ್ಷರ ಉಳಿಯಲ್ಲಿ. ಎಚ್ಚಿಂಗ್ ದೃಶ್ಯದ ನಡುವೆ ಎಲ್ಲೋ ಒಂದು ಮೂಲೆಯಲ್ಲಿ ಮಾತ್ರ ಉಳಿಗೆರೆ ಕಂಡರೆ ಆ ಭಾಗವನ್ನು ಆಮೇಲೆ ತಿದ್ದಿರಬಹುದು ಎಂದು ಗುರುತು ಹಾಕಿಕೊಳ್ಳಿ.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ.

ಮುಂಭಾಗ ಕಡುಗಪ್ಪು, ದೂರದ ಬೆಟ್ಟ ಮಸುಕು. ಇದಕ್ಕೆ ಪಾಪ-ಪುಣ್ಯ ಅಂಟಿಸಬೇಡಿ. ದೂರದ ಗೆರೆಗಳು ಸ್ವಲ್ಪ ಹೊತ್ತು ಆಸಿಡ್ ಕುಡಿದ ಮೇಲೆ ಅವುಗಳಿಗೆ ವಾರ್ನಿಷ್ ಹಚ್ಚಿ ಮುಚ್ಚುತ್ತಾರೆ, ಮುಂಭಾಗವನ್ನು ಇನ್ನಷ್ಟು ಹೊತ್ತು ಬಿಡುತ್ತಾರೆ. ಕಪ್ಪು ಎಂದರೆ ಆಸಿಡ್‌ನಲ್ಲಿ ಕಳೆದ ಸಮಯ.

ಆಕಾಶದಲ್ಲಿ ಚುಕ್ಕೆಗಳಿದ್ದರೆ ನಕ್ಷತ್ರ, ಹಕ್ಕಿ, ಕಿಡಿ ಎಂದುಕೊಳ್ಳುವ ಮುನ್ನ ದೊಡ್ಡದು ಮಾಡಿ ನೋಡಿ. ಹಕ್ಕಿಗೆ ಎರಡು ಗೀಟು, ಒಂದು ದಿಕ್ಕು ಇರುತ್ತದೆ. ಮೇಣ ಬಿರುಕುಬಿಟ್ಟು ಆಸಿಡ್ ಒಳನುಗ್ಗಿದ ಕಡೆ ಆಕಾರವಿಲ್ಲದ ಗುಳಿಗಳ ಗುಂಪು ಇರುತ್ತದೆ, ಹೆಚ್ಚಾಗಿ ಫಲಕದ ಅಂಚಿನ ಹತ್ತಿರ.

ಮೂರನೆಯದು ಸವೆತ. ಫಲಕ ಹಳತಾದಂತೆ ಮೊದಲು ಅಳಿಯುವುದು ತೆಳು ಗೆರೆ, ಅಂದರೆ ದಿಗಂತ, ಮೋಡ, ನೀರಿನ ಅಲೆ. ಕೊನೆಕೊನೆಯ ಪ್ರತಿಗಳಲ್ಲಿ ನದಿ ಬರಿದಾಗಿ ಕಾಣುತ್ತದೆ. ಆ ಬರಿದಿನಲ್ಲಿ ತತ್ವ ಹುಡುಕುವ ಬದಲು ಅದೇ ಫಲಕದ ಮುಂಚಿನ ಪ್ರತಿಯನ್ನು ಹುಡುಕುವುದು ಒಳ್ಳೆಯದು.

ಎರಡನೇ ಹೆಜ್ಜೆ: ಎಡಬಲ ಪರೀಕ್ಷೆ

ಫಲಕದ ಮೇಲೆ ಬಿಡಿಸಿದ್ದು ಕಾಗದದಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತದೆ. ಜಾಣ ಕಲಾವಿದ ಮೊದಲೇ ತಿರುಗಿಸಿ ಬಿಡಿಸಿರುತ್ತಾನೆ. ಅವಸರದವನು ಬಿಡಿಸಿರುವುದಿಲ್ಲ. ಇನ್ನೊಬ್ಬರ ಅಚ್ಚನ್ನು ನೋಡಿಕೊಂಡು ನಕಲು ಮಾಡಿದವನಂತೂ ಬಹಳ ಸಲ ಬಿಡಿಸಿರುವುದಿಲ್ಲ. ಅಕ್ಷರ ಸರಿಯಾಗಿ ಓದಲು ಬರುತ್ತದಲ್ಲ, ಹಾಗಾದರೆ ಚಿತ್ರವೂ ಸರಿ ಎಂದು ನಂಬಬೇಡಿ. ಅಕ್ಷರವನ್ನು ತಿರುಗುಮುರುಗಾಗಿ ಕೆತ್ತುವುದು ಬೇರೆಯೇ ಕೆಲಸ. ಆ ಕೆಲಸದಲ್ಲೂ ತಪ್ಪುತ್ತಿದ್ದರು, ಲ್ಯಾಟಿನ್‌ನ ಎನ್ ಮತ್ತು ಎಸ್ ಅಕ್ಷರಗಳು ಉಲ್ಟಾ ಬಿದ್ದಿರುವ ಅಚ್ಚುಗಳು ಸಿಗುತ್ತವೆ.

ಪರೀಕ್ಷೆ ಸುಲಭ. ಇಲ್ಲಿ ನದಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಕೋಟೆ ಉತ್ತರ ದಡದಲ್ಲಿ, ಹಳೆಯ ನಗರ ದಕ್ಷಿಣದಲ್ಲಿ, ವ್ಯಾಟಿಕನ್ ಕೋಟೆಯ ಪಶ್ಚಿಮಕ್ಕೆ. ನಗರದ ದಡದಿಂದ ಕೋಟೆಯ ಕಡೆ ನೋಡಿದರೆ ಸಂತ ಪೇತ್ರರ ಬೆಸಿಲಿಕಾ ಕೋಟೆಯ ಎಡಕ್ಕೆ ಕಾಣಬೇಕು. ಬಲಕ್ಕಿದ್ದರೆ ಚಿತ್ರ ತಿರುಗಿದೆ. ಬೆಸಿಲಿಕಾ ಚಿತ್ರದಲ್ಲೇ ಇಲ್ಲದಿದ್ದರೆ ಜನರನ್ನು ನೋಡಿ: ಸೊಂಟದ ಕತ್ತಿಗಳೆಲ್ಲ ಬಲಗಡೆ ನೇತಾಡುತ್ತಿದ್ದರೆ, ಆಶೀರ್ವದಿಸುವ ಕೈ ಎಡಗೈ ಆಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಫೋನಿನಲ್ಲಿ ಚಿತ್ರವನ್ನು ಅಡ್ಡಕ್ಕೆ ಫ್ಲಿಪ್ ಮಾಡಿ, ಆ ಪ್ರತಿಯನ್ನೂ ಉಳಿಸಿಕೊಂಡು ಮುಂದುವರಿಯಿರಿ. ಇಷ್ಟು ಮಾಡದೆ ಯಾವ ಸಂತ ಎಡಕ್ಕೆ, ಯಾವ ಸಂತ ಬಲಕ್ಕೆ, ಯಾರಿಗೆ ಗೌರವದ ಸ್ಥಾನ ಎಂದೆಲ್ಲ ಬರೆದರೆ ಬುಡವೇ ಅಲುಗಾಡುತ್ತದೆ.

ಬೆಳಕು ಎಡದಿಂದ ಬೀಳುತ್ತಿದೆ, ಹಾಗಾಗಿ ಇದು ಸಂಜೆ, ಸಂಜೆ ಎಂದರೆ ರೋಮಿನ ಅವನತಿ ಎನ್ನುವ ವಾದವೂ ಕೇಳಿಬರುತ್ತದೆ. ಎಡದಿಂದ ಬೆಳಕು ತರುವುದು ಕಲಾವಿದರ ರೂಢಿ. ಅದರಿಂದ ಗಂಟೆ ಎಷ್ಟೆಂದು ಹೇಳಲಾಗದು.

ಮೂರನೇ ಹೆಜ್ಜೆ: ಏನೇನು ನಿಂತಿದೆ ಎಂದು ನೋಡಿ ಕಾಲ ಹಿಡಿಯಿರಿ

ಚಿತ್ರದ ಮೇಲಿರುವ ವರ್ಷವನ್ನು ಬದಿಗಿಟ್ಟು ಮೊದಲು ಕಟ್ಟಡಗಳನ್ನು ಕೇಳಿ.

- ನಗರದ ಕಡೆಯ ತುದಿಯಲ್ಲಿ ಎರಡು ಪುಟ್ಟ ಪ್ರಾರ್ಥನಾಗೃಹಗಳಿದ್ದರೆ ಚಿತ್ರಿಸಿರುವ ಸ್ಥಿತಿ 1450ರ ನಂತರದ್ದು, 1534ಕ್ಕಿಂತ ಹಿಂದಿನದು.
- ಅದೇ ಜಾಗದಲ್ಲಿ ಪೀಠದ ಮೇಲೆ ಇಬ್ಬರು ಸಂತರು ನಿಂತಿದ್ದರೆ ಅದು 1534ರಿಂದ ಈಚಿನದು.
- ಕೋಟೆಯ ಕಡೆಯ ತುದಿಯಲ್ಲಿ ದಪ್ಪನೆಯ ದುಂಡು ಬುರುಜು ಇದ್ದರೆ 1628ಕ್ಕಿಂತ ಮುಂಚಿನದು. ಪೋಪ್ ಆರನೇ ಅಲೆಕ್ಸಾಂಡರ್ ಕಟ್ಟಿಸಿದ ಇದನ್ನು ಎಂಟನೇ ಅರ್ಬನ್ ಕೆಡವಿಸಿದರು.
- ಬೆಸಿಲಿಕಾದ ಗುಮ್ಮಟಕ್ಕೆ ಕಂಬಗಳ ದುಂಡು ಗೋಡೆ ಮಾತ್ರ ಇದ್ದು ಮೇಲೆ ಮುಚ್ಚಿಲ್ಲದಿದ್ದರೆ 1588ಕ್ಕೆ ಮುಂಚೆ. ಗುಮ್ಮಟ ಮುಚ್ಚಿದ್ದು 1590ರಲ್ಲಿ.
- ಸೇತುವೆಯ ಕಟಕಟೆಯ ಮೇಲೆ ಹತ್ತು ದೇವದೂತರಿದ್ದರೆ ಅದು ರೆನೆಸಾನ್ಸ್ ಕಾಲದ, ಅಂದರೆ 15-16ನೇ ಶತಮಾನದ, ನೋಟವೇ ಅಲ್ಲ. ಶಿಲ್ಪಿ ಬೆರ್ನಿನಿಯ ಆ ಯೋಜನೆ ಶುರುವಾದದ್ದು 1660ರ ದಶಕದ ಕೊನೆಯಲ್ಲಿ.

ಹತ್ತಲ್ಲದೆ ಬೇರೆ ಲೆಕ್ಕದ ಪ್ರತಿಮೆಗಳು ಕಂಡರೆ ಗಾಬರಿ ಬೇಡ. 1536ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ರೋಮ್ ಪ್ರವೇಶಿಸಿದಾಗ ನಾಲ್ವರು ಸುವಾರ್ತಾಕಾರರ, ಆದಾಮ, ನೋಹ, ಅಬ್ರಹಾಂ, ಮೋಶೆಯರ ಗಾರೆಯ ಪ್ರತಿಮೆಗಳನ್ನು ಇಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದ್ದರು.

ಕಟ್ಟಡಗಳು ಒಂದು ಕಾಲ ಹೇಳಿ ವರ್ಷ ಇನ್ನೊಂದು ಹೇಳಿದರೆ? ಎರಡು ಸಾಧ್ಯತೆ. ಒಂದು, ಕಲಾವಿದ ಮುಂದೆ ಕಟ್ಟಬೇಕಿದ್ದದ್ದನ್ನು ಕಟ್ಟಿಯೇ ಆಗಿದೆ ಎಂಬಂತೆ ಬಿಡಿಸಿದ್ದಾನೆ. ದುಪೆರಾಕ್‌ನೇ 1560ರ ದಶಕದ ಕೊನೆಯಲ್ಲಿ ರೋಮಿನ ಕ್ಯಾಪಿಟೊಲ್ ಬೆಟ್ಟದ ಚೌಕಕ್ಕೆ ಮೈಕೆಲೇಂಜೆಲೊ ಮಾಡಿದ ಯೋಜನೆಯನ್ನು ಪೂರ್ತಿಗೊಂಡ ರೂಪದಲ್ಲಿ ಅಚ್ಚು ಹಾಕಿದ, ಆಗ ಕೆಲಸ ಇನ್ನೂ ಬಾಕಿಯಿತ್ತು. ಎರಡು, ಫಲಕ ಕೈ ಬದಲಾಯಿಸಿ ತಿದ್ದುಪಡಿ ಕಂಡಿದೆ. ರೋಮಿನ ದೊಡ್ಡ ಪ್ರಕಾಶಕ ಆಂತೋನಿಯೊ ಲಾಫ್ರೇರಿ 1577ರಲ್ಲಿ ತೀರಿಕೊಂಡ, ಅವನ ಸಂಬಂಧಿ ಕ್ಲಾವುದಿಯೊ ದುಕೆತ್ತಿ ಒಂದಷ್ಟು ಫಲಕಗಳೊಂದಿಗೆ ವ್ಯಾಪಾರ ಮುಂದುವರಿಸಿದ, ಆಮೇಲೆ ಅವು ಬೇರೆಯವರ ಕೈ ಸೇರಿದವು. ಕೆಳಪಟ್ಟಿಯಲ್ಲಿ "ಫೋರ್ಮಿಸ್" ಅಥವಾ "ಎಕ್ಸ್‌ಕುಡಿತ್" ಎಂದಿದ್ದರೆ ಅದರ ಜೊತೆಗಿರುವುದು ಪ್ರಕಾಶಕನ ಹೆಸರು. "ಫೆಚಿತ್" ಎಂದಿದ್ದರೆ ಬಿಡಿಸಿದವನದು, "ಇನ್ವೆನಿತ್" ಎಂದಿದ್ದರೆ ಮೂಲ ರಚನೆ ಮಾಡಿದವನದು. ಹೆಸರಿನ ಸುತ್ತ ಕಾಗದ ಸ್ವಲ್ಪ ಬೂದಾಗಿ, ಹಳೆಯ ಅಕ್ಷರದ ನೆರಳು ಕಂಡರೆ ಅಲ್ಲಿ ಹಿಂದಿನ ಹೆಸರನ್ನು ಕೆರೆದು ತೆಗೆದಿದ್ದಾರೆ.

ಕಮಾನುಗಳ ಲೆಕ್ಕದ ಬಗ್ಗೆ ಒಂದು ಮಾತು. ನಡುವಿನ ಮೂರು ದೊಡ್ಡ ಕಮಾನುಗಳನ್ನು ಪವಿತ್ರ ತ್ರಿತ್ವಕ್ಕೂ, ಇಂದಿನ ಐದನ್ನು ಕ್ರಿಸ್ತನ ಪಂಚಗಾಯಗಳಿಗೂ ಹೊಂದಿಸಿ ಬರೆಯುವವರಿದ್ದಾರೆ. ಕ್ರೈಸ್ತನಲ್ಲದ ಹೇಡ್ರಿಯನ್‌ಗೆ ತ್ರಿತ್ವ ಬೇಕಿರಲಿಲ್ಲ. ಈಗಿರುವ ಐದರಲ್ಲಿ ತುದಿಯ ಎರಡು 1890ರ ದಶಕದಲ್ಲಿ ನದಿಗೆ ಎತ್ತರದ ದಂಡೆಗೋಡೆ ಕಟ್ಟುವಾಗ ಹೊಸದಾಗಿ ಆದವು.

ನಾಲ್ಕನೇ ಹೆಜ್ಜೆ: ಇಬ್ಬರು ಸಂತರು

ಈ ಸೇತುವೆಯ ಅರ್ಥದ ತಿರುಳೆಲ್ಲ ಇರುವುದು ನಗರದ ಕಡೆಯ ತುದಿಯಲ್ಲಿ, ಬೆರಳ ತುದಿಯಷ್ಟು ಜಾಗದಲ್ಲಿ. ಆದ್ದರಿಂದ ಹೆಚ್ಚು ಹೊತ್ತು ಇಲ್ಲೇ ನಿಲ್ಲಿ.

1450 ಜುಬಿಲಿ ವರ್ಷ, ಅಂದರೆ ರೋಮಿಗೆ ಯಾತ್ರೆ ಬಂದವರಿಗೆ ಪಾಪಕ್ಷಮೆ ಸಿಗುವ ವಿಶೇಷ ವರ್ಷ. ಡಿಸೆಂಬರ್‌ನಲ್ಲಿ ಒಂದು ದಿನ ಬೆಸಿಲಿಕಾದಿಂದ ಮರಳುತ್ತಿದ್ದ ಯಾತ್ರಿಕರು ಸೇತುವೆಯ ಮೇಲೆ ನೂಕುನುಗ್ಗಲಿಗೆ ಸಿಕ್ಕಿದರು. ತುಳಿತಕ್ಕೆ ಸಿಕ್ಕಿಯೂ ನದಿಗೆ ಬಿದ್ದೂ 170ಕ್ಕೂ ಹೆಚ್ಚು ಜನ ಸತ್ತರು. ಪೋಪ್ ಐದನೇ ನಿಕೊಲಾಸ್ ಅವರ ನೆನಪಿಗೆ ಆ ಎರಡು ಪ್ರಾರ್ಥನಾಗೃಹಗಳನ್ನು ಕಟ್ಟಿಸಿದರು. 1527ರಲ್ಲಿ ಐದನೇ ಚಾರ್ಲ್ಸ್‌ನ ಸೈನ್ಯ ರೋಮನ್ನು ಕೊಳ್ಳೆ ಹೊಡೆದಾಗ ಪೋಪ್ ಏಳನೇ ಕ್ಲೆಮೆಂಟ್ ಕೋಟೆಯೊಳಗೆ ಸಿಕ್ಕಿಬಿದ್ದಿದ್ದರು. ಶತ್ರುಗಳು ಇದೇ ಪ್ರಾರ್ಥನಾಗೃಹಗಳ ಮರೆಯಲ್ಲಿ ನಿಂತು ಕೋಟೆಗೆ ಗುಂಡು ಹಾರಿಸಿದರು. ಬದುಕಿ ಹೊರಬಂದ ಪೋಪರು 1534ರಲ್ಲಿ ಅವೆರಡನ್ನೂ ತೆಗೆಸಿ ಪ್ರತಿಮೆಗಳನ್ನು ನಿಲ್ಲಿಸಿದರು. ಪ್ರತಿಮೆಯ ಮರೆಯಲ್ಲಿ ಯಾರೂ ಅಡಗಲಾರರು. ಭಕ್ತಿಯಷ್ಟೇ ಲೆಕ್ಕಾಚಾರವೂ ಈ ಬದಲಾವಣೆಯ ಹಿಂದಿದೆ. ಅದನ್ನು ಬಿಟ್ಟು ಬರೀ ಧಾರ್ಮಿಕ ಅರ್ಥ ಹೇಳುವ ವಿವರಣೆ ಅರ್ಧ ವಿವರಣೆ.

ಸಂತ ಪೌಲನ ಪ್ರತಿಮೆ 15ನೇ ಶತಮಾನದ್ದು, ಪಾವೊಲೊ ರೊಮಾನೊ ಎಂಬ ಶಿಲ್ಪಿಯದು. ಸಂತ ಪೇತ್ರನದನ್ನು ಲೊರೆಂಜೆತ್ತೊ ಹೊಸದಾಗಿ ಕೆತ್ತಿದ. ನಮ್ಮ ಗುಡಿಗಳಲ್ಲಿ ಕೈಯಲ್ಲಿರುವ ಆಯುಧ ನೋಡಿ ದೇವರು ಯಾರೆಂದು ಹೇಳುವ ಹಾಗೆಯೇ ಇಲ್ಲೂ ಗುರುತು ಹಿಡಿಯಬೇಕು: ಪೇತ್ರನಿಗೆ ಬೀಗದಕೈ, ಪೌಲನಿಗೆ ಕತ್ತಿ. ಕೆಲವೇ ಮಿಲಿಮೀಟರ್ ಎತ್ತರದ ಎಚ್ಚಿಂಗ್ ಆಕೃತಿಯಲ್ಲಿ ಕೀಲಿ ಎಂದರೆ ತುದಿಗೆ ಕೊಕ್ಕೆಯಿರುವ ಗಿಡ್ಡ ಗೀಟು, ಕತ್ತಿ ಎಂದರೆ ನೀಳವಾದ ಒಂದೇ ಗೀಟು. ಅದೂ ತಿಳಿಯದಿದ್ದರೆ ಗಡ್ಡ ನೋಡಿ. ಚಿತ್ರರೂಢಿಯಲ್ಲಿ ಪೇತ್ರನ ಗಡ್ಡ ಗುಂಡಗೆ, ಗಿಡ್ಡ. ಪೌಲನದು ಉದ್ದ, ಜೊತೆಗೆ ಹಣೆ ಬೋಳು. ಸಣ್ಣ ಫಲಕದಲ್ಲಿ ಕಲಾವಿದ ಇಬ್ಬರಿಗೂ ಒಂದೇ ರೀತಿಯ ನಿಲುವಂಗಿ ಹಾಕಿ ಕೈತೊಳೆದುಕೊಂಡಿದ್ದರೆ "ಇಬ್ಬರು ಸಂತರು" ಎಂದಷ್ಟೇ ಬರೆಯಿರಿ.

ಪೌಲನ ಕತ್ತಿ ಅವನ ತಲೆ ಕಡಿದ ಕತ್ತಿ, ಹುತಾತ್ಮನ ಗುರುತು. ಅದನ್ನು ನ್ಯಾಯದೇವತೆಯ ಕತ್ತಿ ಎಂದರೆ ಸಾಮಾನ್ಯವಾಗಿ ತಪ್ಪು. ಆದರೆ ಈ ಒಂದು ಜಾಗದಲ್ಲಿ ಆ ತಪ್ಪು ಪೂರ್ತಿ ತಪ್ಪಲ್ಲ. ಪೇತ್ರನ ಪೀಠದ ಮೇಲೆ "ಹಿಂಕ್ ಹುಮಿಲಿಬುಸ್ ವೆನಿಯಾ" ಎಂದಿದೆ, ವಿನೀತರಿಗೆ ಇಲ್ಲಿಂದ ಕ್ಷಮೆ ಎಂದು. ಪೌಲನ ಪೀಠದ ಮೇಲೆ "ಹಿಂಕ್ ರೆತ್ರಿಬುತಿಯೊ ಸುಪೆರ್ಬಿಸ್", ಸೊಕ್ಕಿನವರಿಗೆ ಇಲ್ಲಿಂದ ತಕ್ಕ ಶಾಸ್ತಿ. ಕೊಳ್ಳೆಯಾದ ಏಳೇ ವರ್ಷಕ್ಕೆ ನಿಂತ ಪ್ರತಿಮೆಗಳಿವು ಎಂಬುದನ್ನು ನೆನಪಿಟ್ಟು ಆ ಎರಡನೇ ಸಾಲನ್ನು ಓದಿ. ಶಾಸ್ತಿ ಎನ್ನುವುದು ಬಾಯಿಮಾತೂ ಆಗಿರಲಿಲ್ಲ. ಪ್ರತಿಮೆಗಳ ಎದುರಿನ ಚೌಕವೇ ರೋಮಿನ ವಧಾಸ್ಥಾನ, ತೋರ್ ದಿ ನೋನಾ ಸೆರೆಮನೆ ಅಲ್ಲಿಂದ ಕೂಗಳತೆಯಲ್ಲಿ. ತಂದೆಯ ಕೊಲೆಗಾಗಿ ಮರಣದಂಡನೆಗೆ ಗುರಿಯಾದ ಬೆಯಾತ್ರಿಚೆ ಚೆಂಚಿಯ ತಲೆ ಕಡಿದದ್ದು ಇಲ್ಲೇ, 1599ರ ಸೆಪ್ಟೆಂಬರ್ 11ರಂದು. ಎಚ್ಚಿಂಗ್‌ನ ಮುಂಭಾಗದಲ್ಲಿ ಕಂಬ, ಅಡ್ಡತೊಲೆ, ನೇತಾಡುವ ಆಕೃತಿ ಕಂಡರೆ ಅದು ರೂಪಕವಲ್ಲ, ಗಲ್ಲು. ಕ್ಷಮೆ ಬೇಡಲು ಹೊರಟ ಯಾತ್ರಿಕ ಇವನ್ನೆಲ್ಲ ದಾಟಿಯೇ ಸೇತುವೆ ಹತ್ತಬೇಕಿತ್ತು.

ಐದನೇ ಹೆಜ್ಜೆ: ಕೋಟೆಯ ತುದಿಯ ದೇವದೂತ

590ರಲ್ಲಿ ರೋಮಿನಲ್ಲಿ ಪ್ಲೇಗ್. ಪೋಪ್ ಗ್ರೆಗರಿ ಮೆರವಣಿಗೆ ನಡೆಸುವಾಗ ಹೇಡ್ರಿಯನ್ ಸಮಾಧಿಯ ಮೇಲೆ ಮಹಾದೂತ ಮಿಕಾಯೇಲ ಕತ್ತಿಯನ್ನು ಒರೆಗೆ ಸೇರಿಸುವುದನ್ನು ಕಂಡರು, ಪಿಡುಗು ನಿಂತಿತು ಎಂಬುದು ಐತಿಹ್ಯ. ಕೋಟೆಗೂ ಸೇತುವೆಗೂ ಹೆಸರು ಬಂದದ್ದು ಅದರಿಂದ. ದೂತನ ಕೈಯಲ್ಲಿ ಕತ್ತಿ ನೋಡಿ ಯುದ್ಧದ ಸಂಕೇತ ಎನ್ನುವುದು ಬಹಳ ಸಾಮಾನ್ಯವಾದ ತಪ್ಪು. ಕತ್ತಿ ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ಸಣ್ಣ ಗೆರೆಯಲ್ಲಿ ಈ ವ್ಯತ್ಯಾಸ ಕಾಣದು, ಐತಿಹ್ಯ ಗೊತ್ತಿದ್ದರೇ ತಿಳಿಯುವುದು. 16ನೇ ಶತಮಾನದ ನಡುವಿನಿಂದ ಕಾಣುವ ದೂತ ರಾಫಾಯೆಲೊ ದ ಮೊಂತೆಲುಪೊ ಕೆತ್ತಿದ ಅಮೃತಶಿಲೆಯ ಪ್ರತಿಮೆ, ಲೋಹದ ರೆಕ್ಕೆಯದು. ಈಗ ಮೇಲಿರುವ ಕಂಚಿನ ದೂತ 18ನೇ ಶತಮಾನದ್ದು. ಇಂದಿನ ಫೋಟೊ ಪಕ್ಕದಲ್ಲಿಟ್ಟು ಹಳೆಯ ಎಚ್ಚಿಂಗ್‌ನ ದೂತ ತಪ್ಪಾಗಿದೆ ಎನ್ನಬೇಡಿ.

ಕೋಟೆಯಿಂದ ಹೊಗೆ, ಕಿಡಿ, ಬೀಸಣಿಗೆಯಾಕಾರದ ಗೆರೆಗಳು ಎದ್ದಿದ್ದರೆ ಅದು ಜಿರಾಂದೊಲಾ, ಬಾಣಬಿರುಸಿನ ಪ್ರದರ್ಶನ. ಪೇತ್ರ-ಪೌಲರ ಹಬ್ಬದಂದು, ಅಂದರೆ ಜೂನ್ ಕೊನೆಗೆ, ಹಾಗೂ ಹೊಸ ಪೋಪರ ಪಟ್ಟಾಭಿಷೇಕದಂಥ ಸಂದರ್ಭಗಳಲ್ಲಿ ಹಚ್ಚುತ್ತಿದ್ದರು. ಎಚ್ಚಿಂಗ್‌ನಲ್ಲಿ ಬೆಳಕನ್ನು ಬಿಡಿಸಲು ಬರುವುದಿಲ್ಲ, ಕಾಗದವನ್ನು ಬಿಳಿಯಾಗಿ ಬಿಟ್ಟು ಸುತ್ತ ಗೆರೆ ಎಳೆಯಬೇಕು. ಹಾಗಾಗಿ ಸಂಭ್ರಮದ ಬೆಂಕಿಗೂ ಮುತ್ತಿಗೆಯ ಬೆಂಕಿಗೂ ನೋಟದಲ್ಲಿ ಅಂತರ ಕಡಿಮೆ. ಜನರ ಕಡೆ ತಿರುಗಿ: ಓಡುತ್ತಿದ್ದಾರೋ, ನಿಂತು ಕೈ ತೋರಿಸುತ್ತಿದ್ದಾರೋ?

ಕೋಟೆಯ ಹೆಸರು ಹೇಗೆ ಬರೆದಿದೆ ಎಂಬುದೂ ಸುಳಿವು. "ಹೇಡ್ರಿಯನ್‌ನ ಸಮಾಧಿ" ಎಂದಿದ್ದರೆ ಪ್ರಕಾಶಕ ಪ್ರಾಚೀನ ರೋಮನ್ನು ಮಾರುತ್ತಿದ್ದಾನೆ. ಅಂಥ ಕೆಲವು ಅಚ್ಚುಗಳಲ್ಲಿ ದೂತನೇ ಇರುವುದಿಲ್ಲ, ಅವನ ಜಾಗದಲ್ಲಿ ದೊಡ್ಡ ಪೈನ್ ಕಾಯಿ ಇರುತ್ತದೆ. ಈಗ ವ್ಯಾಟಿಕನ್ ಅಂಗಳದಲ್ಲಿರುವ ಕಂಚಿನ ಪೈನ್ ಕಾಯಿ ಈ ಸಮಾಧಿಯದೇ ಎಂದು ಆ ಕಾಲದ ವಿದ್ವಾಂಸರು ನಂಬಿದ್ದರು. ಅದು ಕಂಡ ನೋಟವಲ್ಲ, ಊಹೆಯ ಪುನಾರಚನೆ. ಮೂರನೇ ಹೆಜ್ಜೆಯ ಕಾಲಸೂಚಿ ಅಲ್ಲಿ ಕೆಲಸಕ್ಕೆ ಬಾರದು.

ಆರನೇ ಹೆಜ್ಜೆ: ಲಾಂಛನ, ನದಿ, ಜನ

ಮೂಲೆಯಲ್ಲೋ ಬುರುಜಿನ ಮೇಲೋ ಅಡ್ಡಲಾಗಿಟ್ಟ ಎರಡು ಕೀಲಿ, ಮೂರು ಹಂತದ ಕಿರೀಟ ಇದ್ದರೆ ಪೋಪರ ಲಾಂಛನ. ನಡುವಿನ ಗುರಾಣಿಯನ್ನು ದೊಡ್ಡದು ಮಾಡಿ. ಗೂಳಿ ಬೋರ್ಜಾ ಮನೆತನದ್ದು, ಓಕ್ ಮರ ದೆಲ್ಲಾ ರೊವೆರೆಯವರದು, ಗುಂಡುಗಳು ಮೆದಿಚಿ, ಆರು ಲಿಲಿ ಫಾರ್ನೆಸೆ, ಅರ್ಧ ದೇಹದ ರೆಕ್ಕೆಯ ಡ್ರ್ಯಾಗನ್ 13ನೇ ಗ್ರೆಗರಿ, ಪೇರಳೆ ಕೊಂಬೆ ಹಿಡಿದ ಸಿಂಹ ಐದನೇ ಸಿಕ್ಸ್ಟಸ್. ಡ್ರ್ಯಾಗನ್ ಕಂಡು ಸೈತಾನ ಎಂದು ಬರೆದ ವಿವರಣೆಗಳಿವೆ. 1572ರಿಂದ 1585ರವರೆಗೆ ಆಳಿದ ಪೋಪರ ಮನೆತನದ ಗುರುತು ಅದು. ಬ್ರಾಂಬಿಲ್ಲಾ 1579ರಲ್ಲಿ ಬಿಡಿಸಿದ್ದು ಅವರ ಕಾಲದಲ್ಲೇ.

ನದಿಯಲ್ಲಿ ಗಡ್ಡದ ಮುದುಕ ಒರಗಿ ಕೂತು, ಪಕ್ಕದಲ್ಲಿ ತೋಳ ಮತ್ತು ಎರಡು ಮಕ್ಕಳಿದ್ದರೆ ಅವನು ಟೈಬರ್ ನದಿದೇವ. ಇದು ಮಾತ್ರ ಕಲಾವಿದ ಸೇರಿಸಿದ ಅಪ್ಪಟ ಸಂಕೇತ, ಧೈರ್ಯವಾಗಿ ಹಾಗೇ ಬರೆಯಿರಿ. ಮಾದರಿ 1512ರಲ್ಲಿ ರೋಮಿನಲ್ಲಿ ನೆಲದಡಿ ಸಿಕ್ಕ ಪ್ರಾಚೀನ ಪ್ರತಿಮೆ. ಚಕ್ರವಿರುವ ದೋಣಿಗಳು ತೇಲುಗಿರಣಿಗಳು, ಹಿಟ್ಟು ಬೀಸಲು ನದಿಗೆ ಕಟ್ಟಿದವು. ಅವಕ್ಕೆ ವಿಧಿಯ ಚಕ್ರದ ಅರ್ಥ ಕೊಡಬೇಡಿ. ಕೋಲು, ಅಗಲ ಟೋಪಿ ಇದ್ದವನು ಯಾತ್ರಿಕ. ಮುಂದೆ ನಿಂತು ಬೆರಳು ತೋರಿಸುವವನ ಕೆಲಸ ನೋಡುಗನ ಕಣ್ಣನ್ನು ಒಳಗೆ ಒಯ್ಯುವುದು. ನಾಯಿ ಬಹುಮಟ್ಟಿಗೆ ನಾಯಿಯೇ.

ಬರೆದಿಡುವ ಬಗೆ

ಕಾಗದದ ಮೇಲೆ ನಾಲ್ಕು ಕಂಬ (ಕಾಲಂ) ಹಾಕಿ: ಕಂಡದ್ದು, ಅಚ್ಚಿನ ಪರಿಣಾಮ, ಸ್ಥಳದಲ್ಲಿ ಇದ್ದದ್ದು, ಕಲಾವಿದ ಸೇರಿಸಿದ್ದು. ಪ್ರತಿ ವಿವರ ಒಂದು ಸಾಲು. ಉದಾಹರಣೆಗೆ "ಆಕಾಶದ ಚುಕ್ಕೆ" ಎರಡನೇ ಕಂಬಕ್ಕೆ, "ಕತ್ತಿ ಹಿಡಿದ ಪ್ರತಿಮೆ" ಮೂರನೆಯದಕ್ಕೆ, "ತೋಳ ಮತ್ತು ಮಕ್ಕಳು" ನಾಲ್ಕನೆಯದಕ್ಕೆ. ಮೂರನೇ ಕಂಬದ ಅರ್ಥವನ್ನು ನಿಲ್ಲಿಸಿದವರ ಹೆಸರಿಗೆ ಬರೆಯಿರಿ, ಏಳನೇ ಕ್ಲೆಮೆಂಟ್ ಎಂಬ ಹಾಗೆ. ನಾಲ್ಕನೆಯದನ್ನು ಮಾತ್ರ ಕಲಾವಿದನ ಖಾತೆಗೆ ಹಾಕಿ. ಯಾವ ಕಂಬಕ್ಕೂ ಕೂರದ ವಿವರ ಉಳಿದರೆ ಅದೇ ಫಲಕದ ಇನ್ನೊಂದು ಪ್ರತಿಯಲ್ಲಿ ಆ ಜಾಗವನ್ನೇ ಹುಡುಕಿ. ಅಲ್ಲಿ ಆ ವಿವರ ಇಲ್ಲದಿದ್ದರೆ ಇಲ್ಲಿ ಕಾಣುವುದು ಶಾಯಿಯ ಕಲೆಯೋ, ಕಾಗದದ ಮಡಿಕೆಯೋ, ಆಮೇಲಿನವರ ತಿದ್ದುಪಡಿಯೋ ಆಗಿರುತ್ತದೆ.